ಒಪ್ಪಿಗೆ ಮೇಷ್ಟ್ರ ಹೆಂಡತಿ

ಹತ್ತಿಯಕ್ಕನ ಬಗ್ಗೆ ಆ ಬೀದಿಯಲ್ಲಿ ಎರಡು ಮಾತುಗಳಿದ್ದವು. ಅವಳಂತೆ ಹಾಸಿಗೆ ಹೊಲಿಯುವವರು ಇನ್ನೊಬ್ಬರಿಲ್ಲ ಎನ್ನುವುದು ಒಂದು. ಬೌದ್ಧ ವಿಹಾರದಲ್ಲಿ ಓದಿಕೊಂಡು ತನ್ನ ಪಾಡಿಗೆ ತಾನಿದ್ದ ಹುಡುಗನನ್ನು ಮೆತ್ತನೆಯ ಹಾಸಿಗೆ ತೋರಿಸಿ ಕೆಡವಿಕೊಂಡಳು ಎನ್ನುವುದು ಇನ್ನೊಂದು. ಮೊದಲನೆಯದನ್ನು ಎದುರಿಗೇ ಹೇಳುತ್ತಿದ್ದರು, ಎರಡನೆಯದನ್ನು ಅವಳು ಬೆನ್ನು ತಿರುಗಿಸಿದ ಮೇಲೆ. ಊರ ಬಾಯಿಗೆ ಬೀಗ ಹಾಕುವವರು ಯಾರು? ಹತ್ತಿಯಕ್ಕ ಎರಡನ್ನೂ ಕೇಳಿಸಿಕೊಂಡು, ದಬ್ಬಣಕ್ಕೆ ದಾರ ಪೋಣಿಸುತ್ತ, "ಮೊದಲನೇದು ನಿಜ" ಎಂದು ಸುಮ್ಮನಾಗುತ್ತಿದ್ದಳು. ಎರಡನೆಯದು ಪೂರಾ ಸುಳ್ಳೆಂದು ಅವಳಿಗೇ ನಂಬಿಕೆಯಿರಲಿಲ್ಲ, ಅದೇ ಅವಳ ಕಷ್ಟ. ಗಂಡನನ್ನು ತಾನು ವಿಹಾರದಿಂದ ಎರವಲು ತಂದಿದ್ದೇನೆ, ಪಕ್ಕದ ಮನೆಯಿಂದ ತಂದ ಪಾತ್ರೆಯ ಹಾಗೆ ಒಂದು ದಿನ ತೊಳೆದು ವಾಪಸು ಕೊಡಬೇಕಾಗುತ್ತದೆ ಎಂಬ ಭಯ ಮದುವೆಯಾದ ದಿನದಿಂದ ಅವಳನ್ನು ಬಿಟ್ಟಿರಲಿಲ್ಲ.

ಈಗ ಆ ಅಂಗಡಿ ಇಲ್ಲ, ಅಲ್ಲೊಬ್ಬ ಮೊಬೈಲ್ ರಿಪೇರಿಯವನು ಕೂತಿದ್ದಾನೆ. ಇದ್ದ ಕಾಲದಲ್ಲಿ ಬೀದಿಯ ತಿರುವಿಗೆ ಬರುವಾಗಲೇ ಹತ್ತಿ ಹಿಂಜುವ ಬಿಲ್ಲಿನ ಟಂಯ್ ಟಂಯ್ ಸದ್ದು ಕೇಳುತ್ತಿತ್ತು. ಮುಂದಿನ ಕೋಣೆಯಲ್ಲಿ ಸೂರಿನಿಂದ ಇಳಿಬಿಟ್ಟ ಉದ್ದನೆಯ ಬಿಲ್ಲು, ಅದರ ಕೆಳಗೆ ಹತ್ತಿಯ ಗುಡ್ಡೆ, ಗೋಡೆಗೆ ಒರಗಿಸಿದ ಪಟ್ಟೆ ಬಟ್ಟೆಯ ಸುರುಳಿಗಳು, ಉಳಿದ ಜಾಗದಲ್ಲೆಲ್ಲ ಒಂದರ ಮೇಲೊಂದು ಪೇರಿಸಿದ ಹಾಸಿಗೆಗಳು. ಬೆಳಗಿನ ಬಿಸಿಲು ಒಳಗೆ ಬಿದ್ದರೆ ಗಾಳಿಯಲ್ಲಿ ತೇಲುವ ಎಳೆಗಳು ಕಾಣುತ್ತಿದ್ದವು. ಅಲ್ಲಿ ಒಂದು ಗಳಿಗೆ ನಿಂತವರ ಹುಬ್ಬು ಬೆಳ್ಳಗಾಗುತ್ತಿತ್ತು. ಬಿಲ್ಲು ಬಡಿಯುವುದು ಅವಳ ಅಪ್ಪನ ಕೆಲಸ, ಹೊಲಿಯುವುದು ಅವಳದು. ಬಡಿದು ಬಡಿದು ಅಪ್ಪನ ಕಿವಿ ಅರ್ಧ ಹೋಗಿತ್ತು, ಉಳಿದರ್ಧವನ್ನು ಅವನು ತನಗೆ ಬೇಕಾದಾಗ ಮಾತ್ರ ಬಳಸುತ್ತಿದ್ದ. ಅವಳು ಸಣ್ಣವಳಿದ್ದಾಗಲೇ ತಾಯಿ ತೀರಿಹೋದದ್ದರಿಂದ ಹತ್ತಿಯಕ್ಕ ಬೆಳೆದದ್ದೆಲ್ಲ ಆ ಹತ್ತಿಯ ಮೇಲೆಯೇ.

ವಿಹಾರದ ಹುಡುಗ ಮೊದಲ ಸಲ ಬಂದದ್ದು ಧ್ಯಾನಕ್ಕೆ ಕೂರುವ ದಿಂಬುಗಳನ್ನು ತಲೆಯ ಮೇಲೆ ಹೊತ್ತುಕೊಂಡು. ಶ್ರಾಮಣೇರ, ಅಂದರೆ ಇನ್ನೂ ಭಿಕ್ಷುವಾಗದೆ ಕಲಿಯುತ್ತಿರುವವ. ಬೋಳಿಸಿದ ತಲೆ, ಹೆಗಲ ಮೇಲೆ ಸರಿಯಾಗಿ ನಿಲ್ಲದ ಕಾವಿ ಬಟ್ಟೆ, ಚೀವರ. ಅಪ್ಪ ಬಿಲ್ಲು ನಿಲ್ಲಿಸಿ, ಭಿಕ್ಷುಗಳನ್ನು ಕರೆಯುವ ಹಾಗೆಯೇ, "ಕೂತ್ಕೊಳಿ ಭಂತೆ" ಎಂದು ಹಾಸಿಗೆಯ ಅಟ್ಟಿಯನ್ನು ತೋರಿಸಿದ. ಹುಡುಗ ಕೂರಲಿಲ್ಲ.

"ಎತ್ತರದ ಹಾಸಿಗೆ, ಮೆತ್ತನೆ ಹಾಸಿಗೆ ನಮಗಾಗಲ್ಲ. ಶೀಲ ತಗೊಂಡಿದೀವಿ."

"ಹಾಗಾದ್ರೆ ನಮ್ಮ ಅಂಗಡೀಲಿ ನೀವು ನಿಂತೇ ಇರ್ಬೇಕು" ಎಂದು ಮೂಲೆಯಿಂದ ಹತ್ತಿಯಕ್ಕ ನಕ್ಕಳು. ನಕ್ಕವಳೇ ಎದ್ದು ಬಟ್ಟೆ ತುಂಬಿ ಬಂದಿದ್ದ ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೊಟ್ಟಳು. ಅವನು ಅದರ ಮೇಲೆ ಕೂತು ದಿಂಬು ಬಿಚ್ಚುವುದನ್ನು, ಹಿಂಜುವುದನ್ನು, ತುಂಬುವುದನ್ನು ನೋಡಿದ. ನೋಡಬಾರದೆಂದು ನೆಲ ನೋಡಿದ. ಮತ್ತೆ ನೋಡಿದ.

ಆಮೇಲೆ ವಿಹಾರದ ದಿಂಬುಗಳು ಪದೇ ಪದೇ ಚಪ್ಪಟೆಯಾಗತೊಡಗಿದವು. ಬೀದಿಯವರು, "ಏನ್ ಧ್ಯಾನ ಮಾಡ್ತಾರಪ್ಪ ಈ ಹುಡುಗ್ರು" ಎಂದು ಬೆರಗಾದರು. ಅದರ ಗುಟ್ಟು ಹತ್ತಿಯಕ್ಕನಿಗೆ ಗೊತ್ತಿತ್ತು. ಊರಿಗೆಲ್ಲ ಗಟ್ಟಿ ಹೊಲಿಗೆ ಹಾಕುವ ಕೈ ವಿಹಾರದ ದಿಂಬಿಗೆ ಬಂದಾಗ ಸಡಿಲವಾಗುತ್ತಿತ್ತು. ಒಳಗೆ ಹತ್ತಿ ಅತ್ತಿತ್ತ ಸರಿದು, ಕೂತವರು ನೆಲ ಮುಟ್ಟುತ್ತಿದ್ದರು. ಹುಡುಗಾಟಿಕೆ ಎಂದು ಮಾಡಿದ್ದು. ಮುಂದೆ ಅದೇ ಅವಳ ಎದೆಯ ಮೇಲೆ ಕಲ್ಲಾಗಿ ಕೂತಿತು: ಊರವರು ಹೇಳುವುದು ಸರಿ, ನಾನೇ ಅವನನ್ನು ಎಳೆದೆ ಎಂದು.

ವಿಹಾರದಲ್ಲಿ ಆಗ ಇದ್ದವರು ಹಿರಿಯ ಭಂತೆ. ಯಾವುದಕ್ಕೂ ದನಿ ಏರಿಸಿದವರಲ್ಲ. ಹುಡುಗ ಒಂದು ಮಧ್ಯಾಹ್ನ ಹೋಗಿ ಕಾಲಿಗೆರಗಿ, ನನ್ನ ಮನಸ್ಸು ಇಲ್ಲಿಲ್ಲ ಎಂದ. ಎಲ್ಲಿದೆ ಎಂದು ಅವರು ಕೇಳಲೂ ಇಲ್ಲ. ಆ ಧರ್ಮದಲ್ಲಿ ಚೀವರ ಬಿಟ್ಟು ಬಂದರೆ ಶಾಪವೂ ಇಲ್ಲ, ಬಹಿಷ್ಕಾರವೂ ಇಲ್ಲ. ಹಿಂತಿರುಗಿಸಿ, ಪಂಚಶೀಲ ತೆಗೆದುಕೊಂಡು, ಗೃಹಸ್ಥನಾಗಿ ನಡೆದರಾಯಿತು. "ಮನಸ್ಸಿಲ್ಲದ ಚೀವರಕ್ಕಿಂತ ಮನಸ್ಸಿರೋ ಸಂಸಾರ ಎಷ್ಟೋ ವಾಸಿ" ಎಂದು ಹಿರಿಯ ಭಂತೆ ಬಟ್ಟೆ ಮಡಚಿ ಇಟ್ಟುಕೊಂಡರು. ರಂಪ ಮಾಡಿದವಳು ಅವನ ಅಕ್ಕ. ತಂದೆತಾಯಿ ಇಲ್ಲದ ತಮ್ಮನನ್ನು ಸಾಕಿ, ಪುಣ್ಯ ಬರುತ್ತದೆಂದು ವಿಹಾರಕ್ಕೆ ಕೊಟ್ಟವಳು. ಕೈಗೆ ಬಂದ ಪುಣ್ಯ ಹಾಸಿಗೆ ಅಂಗಡಿಯ ಪಾಲಾಯಿತಲ್ಲ ಎಂದು ಅವಳು ಅತ್ತಳು. ಆ ಹೊತ್ತಿನಿಂದ ತಮ್ಮನ ಮನೆಯ ನೀರು ಮುಟ್ಟಿದರೂ ಊಟ ಮುಟ್ಟಲಿಲ್ಲ.

ಹುಡುಗ ಬಿಳಿ ಬಟ್ಟೆ ಹಾಕಿಕೊಂಡು ಅಂಗಡಿಗೆ ಬಂದು ಅಪ್ಪನೆದುರು ನಿಂತು ವಿಷಯ ಹೇಳಿದ. ಅಪ್ಪನ ಕಿವಿ ಅವತ್ತು ಸಂಪೂರ್ಣ ಸರಿಯಾಗಿತ್ತು. ಗಂಡುಮಕ್ಕಳಿಲ್ಲದ ಮನೆ, ಬಿಲ್ಲು ಹಿಡಿಯುವ ತೋಳು ಬೇಕಿತ್ತು, ಕುಡಿಯದ, ಸುಳ್ಳಾಡದ ಹುಡುಗ ತಾನಾಗಿ ಬಾಗಿಲಿಗೆ ಬಂದಿದ್ದಾನೆ. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗಾಯಿತು. ಅವನು ಮಗಳ ಕಡೆ ತಿರುಗಿದ. ಹತ್ತಿಯಕ್ಕ ಹೊಲಿಗೆ ಎಳೆದು ಗಂಟು ಹಾಕಲು ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಬಿಟ್ಟರೆ ಇಡೀ ಅಂಚು ಬಿಚ್ಚಿಕೊಳ್ಳುತ್ತದೆ.

"ನೋಡು, ಸುಮ್ಮನಿದಾಳೆ. ಮೌನ ಅಂದ್ರೆ ಸಮ್ಮತಿ" ಎಂದ ಅಪ್ಪ.

ಅವಳು ಗಂಟು ಹಾಕಿ, ದಾರ ಕಡಿದು, ಬಾಯಿ ಬಿಡುವಷ್ಟರಲ್ಲಿ ಹುಡುಗ ನಮಸ್ಕಾರ ಮಾಡಿ ಹೊರಟಾಗಿತ್ತು, ಅಪ್ಪ ಬೀದಿಗಿಳಿದು ಎದುರು ಅಂಗಡಿಯವನಿಗೆ ಸುದ್ದಿ ಹೇಳಿಯೂ ಆಗಿತ್ತು. ಕೇಳಿದ್ದರೆ ಹೂಂ ಅನ್ನುತ್ತಿದ್ದಳು, ಒಂದು ಸಲವಲ್ಲ ಹತ್ತು ಸಲ. ಆದರೆ ಕೇಳಲಿಲ್ಲ.

ಮದುವೆ ಅಂಗಡಿಯ ಮುಂದಿನ ಕೋಣೆಯಲ್ಲೇ ಆಯಿತು. ಬಿಲ್ಲನ್ನು ಮೇಲೆ ಕಟ್ಟಿ, ನೆಲ ಸಾರಿಸಿ, ಪುಟ್ಟ ಬುದ್ಧನ ಮೂರ್ತಿಯ ಮುಂದೆ ದೀಪ, ಹೂವು, ಊದಿನಕಡ್ಡಿ ಇಟ್ಟರು. ಗಳಿಗೆ ನೋಡಿಸಲಿಲ್ಲ. ಮೊದಲೊಮ್ಮೆ ಯಾರೋ ಮುಹೂರ್ತ ಕೇಳಲು ಹೋದಾಗ ಹಿರಿಯ ಭಂತೆ, "ಇಬ್ಬರಿಗೂ ಬಿಡುವಿರೋ ಹೊತ್ತೇ ಒಳ್ಳೆ ಹೊತ್ತು" ಎಂದು ಕಳಿಸಿದ್ದರಂತೆ. ಭಿಕ್ಷುಗಳು ಮದುವೆ ಮಾಡಿಸುವುದೂ ಇಲ್ಲ. ಅದು ಸಂಸಾರಸ್ಥರ ಕೆಲಸ. ಮನೆಯ ಹಿರಿಯರೊಬ್ಬರು ಮಾತು ಹೇಳಿಕೊಡುತ್ತಾರೆ, ಗಂಡುಹೆಣ್ಣು ಹೇಳುತ್ತಾರೆ, ಹಿರಿಯರು ಅವರ ಸೇರಿದ ಕೈಗಳ ಮೇಲೆ ನೀರು ಬಿಡುತ್ತಾರೆ. ಭಂತೆಗಳು ಆಮೇಲೆ ಬಂದು, ಬಿಳಿ ದಾರದ ಉಂಡೆ ಹಿಡಿದು ಮಂಗಳದ ಮಾತು ಪಠಿಸಿ, ಒಂದೊಂದು ಎಳೆ ಎಲ್ಲರ ಕೈಗೂ ಕಟ್ಟುತ್ತಾರೆ. ಸ್ವರ್ಗದಲ್ಲಿ ಬರೆದದ್ದು, ಏಳು ಜನ್ಮದ ಗಂಟು ಎಂದೆಲ್ಲ ಯಾರೂ ಹೇಳುವುದಿಲ್ಲ. ಇಬ್ಬರು ಕೊಟ್ಟುಕೊಳ್ಳುವ ಮಾತು, ಅಷ್ಟೇ.

ಗಂಡು ಐದು ಮಾತು ಹೇಳಬೇಕು. ಹೆಂಡತಿಯನ್ನು ಗೌರವದಿಂದ ಕಾಣುತ್ತೇನೆ, ಹೀಯಾಳಿಸುವುದಿಲ್ಲ, ದಾರಿ ತಪ್ಪುವುದಿಲ್ಲ, ಮನೆಯ ಯಜಮಾನಿಕೆ ಅವಳ ಕೈಗೆ ಕೊಡುತ್ತೇನೆ, ಶಕ್ತಿಯಿದ್ದಷ್ಟು ಒಡವೆ ವಸ್ತ್ರ ಕೊಡಿಸುತ್ತೇನೆ. ಹೆಣ್ಣೂ ಐದು ಹೇಳಬೇಕು. ಮನೆಗೆಲಸ ಅಚ್ಚುಕಟ್ಟಾಗಿ ನಡೆಸುತ್ತೇನೆ, ಎರಡೂ ಕಡೆಯ ಬಂಧುಗಳನ್ನು ಆದರಿಸುತ್ತೇನೆ, ದಾರಿ ತಪ್ಪುವುದಿಲ್ಲ, ಗಳಿಸಿದ್ದನ್ನು ಕಾಪಾಡುತ್ತೇನೆ, ಸೋಮಾರಿತನ ಮಾಡುವುದಿಲ್ಲ. ಬಂಧುಗಳ ಮಾತು ಬಂದಾಗ ಹತ್ತಿಯಕ್ಕ ಗಂಡನ ಅಕ್ಕನ ಮುಖ ನೋಡಿ ಸ್ವಲ್ಪ ಜೋರಾಗಿಯೇ ಹೇಳಿದಳು. ಅತ್ತಿಗೆ ಬೇರೆ ಕಡೆ ತಿರುಗಿದಳು. ಮದುವೆಯೇನೋ ಸೊಗಸಾಗಿ ಆಯಿತು. ಆದರೆ ಹೇಳಿಕೊಟ್ಟದ್ದನ್ನು ಹೇಳುವುದು ಬೇರೆ, ಕೇಳಿದ್ದಕ್ಕೆ ಉತ್ತರ ಕೊಡುವುದು ಬೇರೆ.

ಮೊದಲ ವಾರವೇ ಮನೆಯ ಮಾನ ಹೋಗುವಂಥ ಸಂಗತಿ ನಡೆಯಿತು. ಅಪ್ಪ ಮಗಳಿಗಾಗಿ ಆಯ್ದ ಹತ್ತಿ ಹಾಕಿ ಮೊಣಕಾಲೆತ್ತರದ ಹಾಸಿಗೆ ಮಾಡಿಸಿದ್ದ. ಅಳಿಯನಿಗೆ ಅದರ ಮೇಲೆ ನಿದ್ದೆ ಬರಲಿಲ್ಲ. ಬೆಳಗ್ಗೆ ನೋಡಿದರೆ ಅವನು ಕೆಳಗೆ ಚಾಪೆಯ ಮೇಲೆ ಇರುತ್ತಿದ್ದ. ಎಷ್ಟೋ ವರ್ಷ ನೆಲದ ಮೇಲೆ ಮಲಗಿದ ಬೆನ್ನು, ಮೆತ್ತಗಿದ್ದರೆ ನೀರಿನಲ್ಲಿ ಮುಳುಗಿದ ಹಾಗಾಗುತ್ತದೆ ಎಂದ. "ಹಾಸಿಗೆ ಅಂಗಡಿ ಅಳಿಯ ಚಾಪೆ ಮೇಲೆ ಮಲಗ್ತಾನೆ ಅಂದ್ರೆ ನಮ್ಮ ಹಾಸಿಗೆ ಯಾರ್ ತಗೋತಾರೆ!" ಎಂದು ಅಪ್ಪ ತಲೆ ಚಚ್ಚಿಕೊಂಡ. ಹತ್ತಿಯಕ್ಕನಿಗೆ ಅಂಗಡಿಯ ಚಿಂತೆಯಿರಲಿಲ್ಲ. ಇವರ ಬೆನ್ನಷ್ಟೇ ಅಲ್ಲ, ಮನಸ್ಸೂ ಇನ್ನೂ ವಿಹಾರದಲ್ಲೇ ಇದೆ ಎಂದುಕೊಂಡಳು. ಒಂದು ದಿನ ಕೂತು ಆ ದೊಡ್ಡ ಹಾಸಿಗೆಯ ಹೊಲಿಗೆ ಬಿಚ್ಚಿ, ಹತ್ತಿಯನ್ನೆಲ್ಲ ತೆಗೆದು, ಬೆರಳು ದಪ್ಪದ ಹಾಸೊಂದನ್ನು ಹೊಲಿದಳು. ಎತ್ತರವೂ ಅಲ್ಲ, ಮೆತ್ತಗೂ ಅಲ್ಲ. ಅವನು ಅದರ ಮೇಲೆ ಮಲಗಿದ. ಅವಳೂ ಮಲಗಿದಳು. ಊರಿಗೆಲ್ಲ ಸುಪ್ಪತ್ತಿಗೆ ಹೊಲಿದವಳು ತಾನು ಮಾತ್ರ ಬಾಳಿಡೀ ಆ ತೆಳು ಹಾಸಿನ ಮೇಲೆ ಕಳೆದಳು. ಬೇಜಾರಿರಲಿಲ್ಲ. ಗಂಡಸರಲ್ಲಿ ಅಂಥವರು ಕಡಿಮೆ. ಐದು ಮಾತನ್ನೂ ಅವಳ ಗಂಡ ಅಕ್ಷರಶಃ ನಡೆಸಿದರು. ಕೀಲಿಕೈ ಅವಳ ಸೊಂಟದಲ್ಲೇ ಇತ್ತು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಇವರ ಜಗಳ ಉಣ್ಣುವವರೆಗೂ ಬಾಳುತ್ತಿರಲಿಲ್ಲ.

ಓದು ಬರಹ, ಪಠಣ ಎಲ್ಲ ಬಲ್ಲ ಗೃಹಸ್ಥ ಅವರೊಬ್ಬರೇ ಆದ್ದರಿಂದ ಕ್ರಮೇಣ ಊರಿನ ಮದುವೆಗಳಲ್ಲಿ ಮಾತು ಹೇಳಿಕೊಡುವ ಕೆಲಸ ಅವರ ಪಾಲಿಗೆ ಬಂತು. ಬೆಳಗ್ಗೆ ಬಿಲ್ಲು ಬಡಿದು, ತಲೆಯ ಹತ್ತಿ ಕೊಡವಿ, ಬಿಳಿ ಅಂಗಿ ಹಾಕಿಕೊಂಡು ಮದುವೆ ಮನೆಗೆ ಹೊರಡುತ್ತಿದ್ದರು. ಅವರದೇ ಒಂದು ಹೊಸ ಪದ್ಧತಿಯನ್ನೂ ಸೇರಿಸಿದರು. ದೀಪ ಹಚ್ಚುವ ಮೊದಲು ಹುಡುಗನನ್ನೂ ಹುಡುಗಿಯನ್ನೂ ಬೇರೆಬೇರೆಯಾಗಿ ಪಕ್ಕದ ಕೋಣೆಗೆ ಕರೆದು ಕೇಳುವುದು. ಹುಡುಗಿಯನ್ನು ಕೇಳುವಾಗ ಹತ್ತಿಯಕ್ಕ ಜೊತೆಗಿರಬೇಕು.

"ನಿನಗೆ ಒಪ್ಪಿಗೆಯೇನಮ್ಮ? ಇಲ್ಲ ಅಂದ್ರೂ ತಪ್ಪಿಲ್ಲ."

ಇಷ್ಟೇ ಮಾತು. ಕೆಲವು ಹುಡುಗಿಯರು ನಾಚಿದರು, ಕೆಲವರು ನಕ್ಕರು, ಕೆಲವರು, ಜನ್ಮದಲ್ಲಿ ಮೊದಲ ಸಲ ಯಾರೋ ತಮ್ಮನ್ನು ಏನನ್ನೋ ಕೇಳಿದರೆಂದು ಅತ್ತರು. ಹಿರಿಯರು ಗೊಣಗಿದರು. ಊಟಕ್ಕೆ ಎಲೆ ಹಾಕಿದ ಮೇಲೆ ಇದೆಂಥಾ ಪ್ರಶ್ನೆ ಎಂದರು. ಒಮ್ಮೆ ಒಬ್ಬಳು ಇಲ್ಲ ಎಂದೇ ಬಿಟ್ಟಳು. ಅವರು ಹೊರಗೆ ಬಂದು, ಹವಾಮಾನ ಹೇಳುವವರ ಹಾಗೆ, "ಮದುವೆ ಇಲ್ಲ. ಊಟ ಇದೆ" ಎಂದರು. ಕುರ್ಚಿಗಳು ಹಾರಾಡುವುದೊಂದು ಬಾಕಿ. ಹುಡುಗಿಯ ಸೋದರಮಾವ ಹೊಡೆಯಲು ಬಂದಾಗ ಹತ್ತಿಯಕ್ಕ ನಡುವೆ ನಿಂತಳು, ಅವಳ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ದಬ್ಬಣ ನೋಡಿ ಅವನು ಹಿಂದೆ ಸರಿದ. ಅವತ್ತಿನಿಂದ ಅವರಿಗೆ 'ಒಪ್ಪಿಗೆ ಮೇಷ್ಟ್ರು' ಎಂಬ ಹೆಸರು ಬಿತ್ತು. ಮೊದಮೊದಲು ಅಣಕಕ್ಕೆ, ಆಮೇಲೆ ಮರ್ಯಾದೆಗೆ. ಕೊನೆಕೊನೆಗೆ ಹೆಣ್ಣು ಹೆತ್ತವರೇ, "ಮೇಷ್ಟ್ರೇ ಕೇಳ್ಬೇಕು, ಇಲ್ಲಾಂದ್ರೆ ಮದುವೆ ಅಂತ ಅನ್ನಿಸಲ್ಲ" ಎನ್ನತೊಡಗಿದರು.

ಪ್ರತಿ ಸಲವೂ ಬಾಗಿಲ ಪಕ್ಕ ನಿಂತ ಹತ್ತಿಯಕ್ಕನಿಗೆ ಹೆಮ್ಮೆಯಾಗುತ್ತಿತ್ತು. ಜೊತೆಗೇ ಒಳಗೊಳಗೆ ಒಂದು ದೂರೂ ಏಳುತ್ತಿತ್ತು. ಊರ ಹುಡುಗಿಯರನ್ನೆಲ್ಲ ಕೇಳುವವರು ನನ್ನೊಬ್ಬಳನ್ನು ಕೇಳಲಿಲ್ಲವಲ್ಲ ಎಂದು. ಕೇಳಲಿಲ್ಲ ಏಕೆಂದರೆ ಅವರಿಗೆ ಅದು ಬೇಕಿರಲಿಲ್ಲ, ಮದುವೆ ಎನ್ನುವುದು ಅವರ ಪಾಲಿಗೆ ನಡುವೆ ಬಂದ ಒಂದು ಛತ್ರ, ಹೋಗುವ ಊರು ಬೇರೆಯೇ ಇದೆ ಎಂದು ಅವಳು ಲೆಕ್ಕ ಹಾಕಿದ್ದಳು. ಬಾಯಿ ಬಿಟ್ಟು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ. ಮಾತು ಬರುವ ದಂಪತಿಗಳೇ ಹೀಗೆ, ಬೇಕಾದದ್ದನ್ನು ಬಿಟ್ಟು ಬೇಡದ್ದನ್ನೆಲ್ಲ ಆಡುತ್ತಾರೆ.

ಕಾಲ ಸರಿಯಿತು. ಅಪ್ಪ ಹೋದ. ಹಿರಿಯ ಭಂತೆಯೂ ಹೋದರು, ಮೇಷ್ಟ್ರ ಜೊತೆ ಶ್ರಾಮಣೇರನಾಗಿದ್ದ ಗೆಳೆಯ ಆ ಜಾಗಕ್ಕೆ ಬಂದರು. ಇವರ ಒಬ್ಬಳೇ ಮಗಳು, ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ "ಒಪ್ಪಿಗೆ, ಒಪ್ಪಿಗೆ" ಎಂದು ಮದುವೆಯಾಗಿ ಪಕ್ಕದ ಬೀದಿಗೆ ಹೋದಳು. ಊರಿಗೆ ಸ್ಪಂಜಿನ ಹಾಸಿಗೆ ಬಂತು. ಪ್ಲಾಸ್ಟಿಕ್ ಸುತ್ತಿ, ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೋಗುವಂಥದ್ದು. ಬಿಲ್ಲಿನ ಸದ್ದು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಆಯಿತು. ಹತ್ತಿಯಕ್ಕ ತಲೆದಿಂಬು ಹೊಲಿಯುತ್ತ ಕೂತಳು. ಮೇಷ್ಟ್ರಿಗೆ ಕೈ ಖಾಲಿಯಾಯಿತು, ಖಾಲಿ ಕೈ ಅವರನ್ನು ಬೆಳಗಾದರೆ ವಿಹಾರಕ್ಕೆ ಕರೆದೊಯ್ಯತೊಡಗಿತು. ಮೊದಲು ತಿಂಡಿಯ ಹೊತ್ತಿಗೆ ಬರುತ್ತಿದ್ದವರು ಊಟದ ಹೊತ್ತಿಗೆ ಬರುವಂತಾದರು. ಹತ್ತಿಯಕ್ಕ ಬಾಗಿಲ ಕಡೆ ಕಣ್ಣಿಟ್ಟು ಕೂರುತ್ತಿದ್ದಳು.

ಒಂದು ದಿನ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಮೇಷ್ಟ್ರು ಅವಳೆದುರು ಕೂತರು.

"ನೋಡೇ, ಒಂದ್ ಮಾತು. ಉಳಿದಿರೋ ದಿನ ಚೀವರದಲ್ಲಿ ಕಳೆಯೋಣ ಅಂತ ಮನಸ್ಸಾಗ್ತಿದೆ. ಮಗಳು ದಡ ಸೇರಿದ್ಲು. ಅಂಗಡೀಲೂ ಕೆಲಸ ಇಲ್ಲ. ಹೆಂಡ್ತಿ ಇರೋವ್ರಿಗೆ ಹೆಂಡ್ತಿ ಒಪ್ಪದೆ ಚೀವರ ಕೊಡಲ್ಲ, ನಮ್ಮ ವಿಹಾರದ ಪದ್ಧತಿ ನಿಂಗೂ ಗೊತ್ತಲ್ಲ. ಎಲ್ಲರೆದುರಿಗೆ ಕೇಳ್ತಾರೆ."

ಹತ್ತಿಯಕ್ಕ ಇಷ್ಟು ವರ್ಷ ಹೆದರಿದ್ದು ಇದಕ್ಕೇ. ಹೆದರಿ ಹೆದರಿ ಕಾದದ್ದು ಬಂದಾಗ ಮನುಷ್ಯ ಅಳುವುದಿಲ್ಲ, ಅದೊಂದು ವಿಚಿತ್ರ. "ಕೇಳ್ಲಿ ಬಿಡಿ" ಎಂದಳು.

ಸುದ್ದಿ ಹಬ್ಬಿತು. ಬೀದಿಯವರು ಬಂದು ಕೈಮುಗಿದರು. ಎಂಥಾ ಪುಣ್ಯವಂತೆ, ಗಂಡನನ್ನೇ ದಾನ ಕೊಡುವವರು ಎಷ್ಟು ಜನ ಇದ್ದಾರೆ ಎಂದರು. ಹಿಂದೆ ಕೆಡವಿಕೊಂಡಳು ಎಂದವರೂ ಅವರೇ. ಮಗಳು, "ಅಮ್ಮಾ, ನೀನ್ ನಮ್ಮನೇಲಿರು, ಅಪ್ಪ ದಿನಾ ಸಿಗ್ತಾರೆ, ವಿಹಾರ ಏನ್ ದೂರಾನಾ?" ಎಂದಳು. ಮಾತು ಸರಿಯೇ. ಆದರೆ ದಿನಾ ಸಿಗುವ ಭಂತೆಗೆ ಬಗ್ಗಿ ನಮಸ್ಕಾರ ಮಾಡಬೇಕು, ಬೆನ್ನು ತಿಕ್ಕುವ ಹಾಗಿಲ್ಲ. ಅತ್ತಿಗೆಯೂ ಬಂದಳು. ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕು, ಬಾಳಿನಲ್ಲಿ ಮೊದಲ ಸಲ ಆ ಮನೆಯಲ್ಲಿ ಊಟಕ್ಕೆ ಕೂತಳು. ಎರಡನೇ ಸಲ ಅನ್ನ ಹಾಕಿಸಿಕೊಂಡು, "ನಿನ್ನ ಕೈರುಚಿ ಚೆನ್ನಾಗಿದೆ ಕಣೆ" ಎಂದಳು. ಆ ಮಾತಿಗಾಗಿ ಹತ್ತಿಯಕ್ಕ ಎಷ್ಟು ವರ್ಷ ಕಾದಿದ್ದಳೋ, ಅದು ಬಂದದ್ದು ಬೇಡದ ಹೊತ್ತಿನಲ್ಲಿ.

ಚೀವರ ಹೊಲಿಯುವ ಕೆಲಸವೂ ಅವಳ ಮಡಿಲಿಗೇ ಬಂತು. ತುಂಡು ತುಂಡು ಬಟ್ಟೆ ಜೋಡಿಸಿ ಹೊಲಿಯಬೇಕು, ಊರಿನಲ್ಲಿ ಅವಳಷ್ಟು ಅಚ್ಚುಕಟ್ಟಾಗಿ ಯಾರು ಹೊಲಿಯುತ್ತಾರೆ? ಸಡಿಲ ಹಾಕಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಆ ಬುದ್ಧಿ ಒಂದು ಸಲಕ್ಕೆ ಸಾಕು ಎಂದು ತನ್ನನ್ನೇ ಬೈದುಕೊಂಡು ಗಟ್ಟಿಯಾಗಿ ಹೊಲಿದಳು. ಹೊಲಿಯುತ್ತ ತನ್ನ ಉತ್ತರವನ್ನೂ ಅಭ್ಯಾಸ ಮಾಡಿದಳು. "ಒಪ್ಪಿಗೆ ಭಂತೆ." "ಸಂತೋಷದಿಂದ ಒಪ್ಪಿಗೆ ಭಂತೆ." ಸಂತೋಷದಿಂದ ಎನ್ನುವಾಗ ದನಿ ಒಡೆಯುತ್ತಿತ್ತು. ಅದನ್ನು ಬಿಟ್ಟುಬಿಡುವುದೆಂದು ತೀರ್ಮಾನಿಸಿದಳು.

ಆ ದಿನ ವಿಹಾರದ ಅಂಗಳ ತುಂಬಿತ್ತು. ಅವರು ಮದುವೆ ಮಾಡಿಸಿದ ಎಷ್ಟೋ ಜೋಡಿಗಳು ಮಕ್ಕಳುಮರಿ ಕಟ್ಟಿಕೊಂಡು ಬಂದಿದ್ದವು. ಬುದ್ಧನ ಮುಂದೆ ಮಡಚಿಟ್ಟ ಚೀವರ. ಬಿಳಿ ಬಟ್ಟೆಯಲ್ಲಿ ಮೇಷ್ಟ್ರು ಒಂದು ಕಡೆ, ಹತ್ತಿಯಕ್ಕ ಇನ್ನೊಂದು ಕಡೆ, ನಡುವೆ ಗೆಳೆಯ ಭಂತೆ. ಪಠಣ ಮುಗಿಯಿತು. ಭಂತೆ ಹತ್ತಿಯಕ್ಕನ ಕಡೆ ತಿರುಗಿ ಬಾಯಿ ತೆರೆದವರು ಅರ್ಧಕ್ಕೇ ನಿಲ್ಲಿಸಿ ಮೇಷ್ಟ್ರ ಕಡೆ ನೋಡಿದರು.

"ಈ ಊರಲ್ಲಿ ಕೇಳೋರು ನೀವು. ನಾನ್ಯಾಕೆ ಕೇಳ್ಲಿ? ನೀವೇ ಕೇಳಿ."

ಜನ ನಕ್ಕರು. ಮೇಷ್ಟ್ರು ನಗಲಿಲ್ಲ. ಹೆಂಡತಿಯ ಕಡೆ ತಿರುಗಿದರು.

"ನಾನು ಮನೆ ಬಿಟ್ಟು ಬರೋದಕ್ಕೆ ನಿನಗೆ ಒಪ್ಪಿಗೆಯೇ? ಇಲ್ಲ..." ಎಂದು ತಡವರಿಸಿ, "ಇಲ್ಲ ಅಂದ್ರೂ ತಪ್ಪಿಲ್ಲ" ಎಂದರು.

ಹತ್ತಿಯಕ್ಕ ಅಭ್ಯಾಸ ಮಾಡಿದ್ದೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳು ಆ ಪ್ರಶ್ನೆಗೆ ಉತ್ತರ ಕೊಡುವ ಹುಡುಗಿಯರನ್ನು ಆಯುಷ್ಯವಿಡೀ ನೋಡಿದ್ದಳು. ಮದುವೆ ಮನೆಗಳ ಆ ಪಕ್ಕದ ಕೋಣೆಯಲ್ಲಿ ಯಾರೂ ಸುಳ್ಳು ಹೇಳಿದ್ದಿಲ್ಲ. ಸುಳ್ಳು ಹೇಳುವ ಮೊದಲನೆಯವಳು ತಾನಾಗುವುದೇ?

"ಇಲ್ಲ" ಎಂದಳು.

ಅತ್ತಿಗೆ ಕೇಳಿಸಲಿಲ್ಲವೆಂದು ಪಕ್ಕದವರನ್ನು ತಿವಿದಳು.

"ಇಲ್ಲ. ನಂಗೆ ಒಪ್ಪಿಗೆ ಇಲ್ಲ. ಪುಣ್ಯ ಬರುತ್ತೆ ಅಂತಾರೆ, ನಂಗೆ ಬೇಡ. ನಂಗೆ ಇವರು ಬೇಕು." ಕಣ್ಣೀರು ಬಂತು, ಆದರೆ ಮಾತು ನಿಲ್ಲಲಿಲ್ಲ. "ವಿಹಾರದಿಂದ ತಂದಿದ್ದು, ಒಂದಿನ ಕೊಡ್ಬೇಕು ಅಂತ ಜೀವಮಾನ ಪೂರ್ತಿ ಹೆದರಿಕೊಂಡೇ ಬಂದೆ. ಕೊಡೋ ದಿನ ಬಂತು, ಕೊಡೋಕಾಗ್ತಿಲ್ಲ. ಏನ್ ಮಾಡ್ಲಿ? ಕ್ಷಮಿಸಿ ಭಂತೆ."

"ಕ್ಷಮಿಸೋದೇನಿದೆ ತಾಯಿ" ಎಂದರು ಭಂತೆ. "ಕೇಳಿದ್ವಿ. ನೀವು ಹೇಳಿದ್ರಿ. ಮುಗೀತು." ಚೀವರ ಎತ್ತಿ ಒಳಗೆ ಕೊಟ್ಟು ಕಳಿಸಿದರು. ಹೊಲಿಗೆ ಗಟ್ಟಿಯಾಗಿದ್ದದ್ದರಿಂದ ಅದು ಆಮೇಲೆ ಬೇರೊಬ್ಬರ ಉಪಯೋಗಕ್ಕೆ ಬಂತು.

ಇಬ್ಬರೂ ಮನೆಗೆ ನಡೆದರು. ಮೇಷ್ಟ್ರು ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದರು. ಹತ್ತಿಯಕ್ಕನ ಧೈರ್ಯವೆಲ್ಲ ವಿಹಾರದ ಮೆಟ್ಟಿಲಲ್ಲೇ ಇಳಿದುಹೋಗಿತ್ತು. ಎಲ್ಲರೆದುರು ಗಂಡನ ಆಸೆಗೆ ಕಲ್ಲು ಹಾಕಿದೆ, ಈ ಸಲವಂತೂ ನಾನೇ ಎಳೆದೆ, ಇದಕ್ಕೆ ಸಾಕ್ಷಿಯಾಗಿ ಇಡೀ ಊರಿದೆ. ಅಂಗಡಿಯ ಬಾಗಿಲು ತೆಗೆದು ಒಳಗೆ ಹೋಗಿ ಅವಳು ಬಟ್ಟೆಯ ಸುರುಳಿಯ ಮೇಲೆ ಕೂತಳು.

"ಕೋಪಾನಾ?" ಎಂದು ಕೇಳಿದಳು.

"ಸ್ವಲ್ಪ ಇದೆ."

"ಇರ್ಲಿ. ನಂಗೂ ಇದೆ."

ಮೇಷ್ಟ್ರು ಅವಳ ಪಕ್ಕದಲ್ಲಿ ಕೂತರು.

"ಚೀವರ ಬೇಕು ಅಂದಿದ್ದು ಸುಳ್ಳಲ್ಲ. ಆದ್ರೆ ಅದೊಂದೇ ಅಲ್ಲ. ಅವತ್ತು ನಿಮ್ಮಪ್ಪ ಮೌನ ಸಮ್ಮತಿ ಅಂದ್ಬಿಟ್ರು. ನಾನೂ ಹಾಗೇ ಹೊರಟ್ಬಂದೆ. ನಿನ್ನ ಕೇಳ್ಲಿಲ್ಲ. ಮದುವೆ ಆದ್ಮೇಲೆ ಕೇಳೋಣ ಅಂದ್ರೆ ಭಯ. ಇಲ್ಲ ಅಂದ್ಬಿಟ್ರೆ ಏನ್ ಮಾಡೋದು? ಅಪ್ಪ ಕಟ್ಟಿದ್ದಕ್ಕೆ ಸಹಿಸ್ಕೊಂಡಿದಾಳೆ ಅಂತ್ಲೇ ಇಷ್ಟು ದಿನ ಅಂದ್ಕೊಂಡಿದ್ದೆ. ಬೇರೆ ಹುಡುಗೀರಿಗಾದ್ರೂ ಹಾಗಾಗ್ಬಾರ್ದು ಅಂತ ಎಲ್ಲರನ್ನೂ ಕೇಳ್ತಾ ಹೋದೆ." ಅವರು ಕಣ್ಣು ಒರೆಸಿಕೊಂಡರು. "ಈಗ ಮಗಳ ಜವಾಬ್ದಾರೀನೂ ಮುಗೀತು. ಇನ್ನಾದ್ರೂ ನಿನ್ನ ಬಿಟ್ಟುಕೊಡೋಣ, ನಿನ್ನ ಪಾಡಿಗೆ ನೀನು ಆರಾಮಾಗಿರು ಅಂತ."

ಹತ್ತಿಯಕ್ಕ ಅವರನ್ನೇ ನೋಡಿದಳು. ಊರ ಮನಸ್ಸನ್ನೆಲ್ಲ ಕೇಳಿ ತಿಳಿದುಕೊಂಡ ಮನುಷ್ಯ, ಪಕ್ಕದಲ್ಲಿ ಮಲಗಿದವಳ ಮನ ತಿಳಿಯದೆ ಹೋಗಿದ್ದ. ತಾನೇನು ಕಡಿಮೆ? ಇಬ್ಬರೂ ಕಿವಿಗೆ ಹತ್ತಿ ಇಟ್ಟುಕೊಂಡೇ ಮುದುಕರಾಗಿದ್ದರು. ಅವಳಿಗೆ ಸಿಟ್ಟು ಬಂತು, ನಗು ಬಂತು, ಕಳೆದುಹೋದ ವರ್ಷಗಳನ್ನು ನೆನೆದು ಹೊಟ್ಟೆ ಉರಿಯಿತು.

"ಹಾಗಾದ್ರೆ ಈಗ ಕೇಳಿ" ಎಂದಳು.

"ಈಗೇನೇ ಕೇಳೋದು? ಮೊಮ್ಮಕ್ಕಳು ಶಾಲೆಗೆ ಹೋಗ್ತಿವೆ."

"ಹೋಗ್ಲಿ. ಕೇಳಿ ಅಂದ್ನಲ್ಲ."

ಮೇಷ್ಟ್ರು ಎದ್ದು ನಿಂತರು. ಅಂಗಿ ಸರಿಮಾಡಿಕೊಂಡರು. ಮದುವೆ ಮನೆಗಳಲ್ಲಿ ನಿಲ್ಲುವ ಹಾಗೆ ನಿಂತು, ಆದರೆ ಅಲ್ಲಿನ ಗಟ್ಟಿ ದನಿ ಬಾರದೆ, ಮೆಲ್ಲಗೆ ಕೇಳಿದರು.

"ನನ್ನ ಮದುವೆ ಆಗೋಕೆ ನಿನಗೆ ಒಪ್ಪಿಗೆಯೇ? ಇಲ್ಲ ಅಂದ್ರೂ..."

"ಹೂಂ" ಎಂದು ಹತ್ತಿಯಕ್ಕ ಅವರ ಮಾತನ್ನು ಅಲ್ಲಿಗೇ ನಿಲ್ಲಿಸಿದಳು.